ಹೊಳಲ್ಕೆರೆಯ ಪಾಲಿನ ಬೆಳಕು

ಹಿರಿಯೂರು: ಮಾವನ ಮನೆಯ ಗೋಡೆ

ನಾನು ಹಾಲೆಂಡಿಗೆ ಹೋಗಿ ಬಂದವನು ಎಂಬುದು ಹೊಸದುರ್ಗದಲ್ಲಿ ಎಲ್ಲರಿಗೂ ಗೊತ್ತು. ಯಾಕೆ ಹೋದೆ ಎಂದು ಕೇಳಿದವರಿಗೆ ಮಾತ್ರ ‘ಫೋಟೋಗ್ರಫಿ ವಿಚಾರವಾಗಿ’ ಎಂದು ಹೇಳಿ ಮಾತು ತೇಲಿಸಿಬಿಡುತ್ತೇನೆ. ನಿಜ ಹೇಳಬೇಕೆಂದರೆ ನಾನು ಹೋದದ್ದು ನನ್ನ ಷಡ್ಡಕನ ಬಾಲವಾಗಿ.

ಷಡ್ಡಕ ಎಂದರೆ ನನ್ನ ಹೆಂಡತಿ ಶಾಂತಳ ತಂಗಿಯ ಗಂಡ, ರುದ್ರೇಶ. ನನಗೆ ಹೊಸದುರ್ಗದಲ್ಲಿ ಫೋಟೋ ಸ್ಟುಡಿಯೋ, ಅವನಿಗೆ ಹೊಳಲ್ಕೆರೆಯಲ್ಲಿ. ಇಬ್ಬರದೂ ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜಿನ ವ್ಯಾಪಾರ. ಕಸುಬಿನಲ್ಲಿ ನಾನು ಹಿರಿಯ. ಅವನ ಮದುವೆಯ ಫೋಟೋ ತೆಗೆದವನೂ ನಾನೇ. ಇಬ್ಬರಿಗೂ ಹೆಣ್ಣು ಕೊಟ್ಟ ಮಾವನ ಮನೆ ಇರುವುದು ಹಿರಿಯೂರಿನಲ್ಲಿ. ಒಬ್ಬ ಮಾವ, ಇಬ್ಬರು ಅಳಿಯಂದಿರು, ಒಂದೇ ಕಸುಬು. ಇನ್ನು ಹೊಟ್ಟೆಕಿಚ್ಚಿಗೆ ಬೇರೆ ಸೌದೆ ಬೇಕೆ?

ಆಗಿನ್ನೂ ರೀಲಿನ ಕ್ಯಾಮೆರಾಗಳ ಕಾಲ. ಫೋನಿಗೆಂದು ಆಕಾಶಕ್ಕೆ ಬಿಟ್ಟ ಕೆಲವು ಉಪಗ್ರಹಗಳಿದ್ದವು. ಅವುಗಳ ಮೈಗೆ ಬಾಗಿಲಿನಷ್ಟು ದೊಡ್ಡ ಹೊಳೆಯುವ ಹಲಗೆಗಳು. ನಮಗೆ ಸೂರ್ಯ ಮುಳುಗಿದ ಮೇಲೂ ಅಷ್ಟು ಎತ್ತರದಲ್ಲಿರುವ ಅವಕ್ಕೆ ಬಿಸಿಲು ತಾಗುತ್ತಲೇ ಇರುತ್ತದೆ. ಆ ಹಲಗೆ ಒಂದು ಕೋನಕ್ಕೆ ಬಂದಾಗ ಬಿಸಿಲು ಕೆಳಕ್ಕೆ ಚಿಮ್ಮುತ್ತದೆ, ಮಕ್ಕಳು ಕನ್ನಡಿ ಹಿಡಿದು ಎದುರು ಮನೆಯ ಗೋಡೆಗೆ ಬಿಸಿಲು ಬಿಡುತ್ತವಲ್ಲ ಹಾಗೆ. ಏನೂ ಇಲ್ಲದ ಕಡೆ ಒಂದು ಚುಕ್ಕಿ ಹುಟ್ಟಿ, ಬೆಳೆದು, ಶುಕ್ರನನ್ನೂ ಮೀರಿಸಿ ಉರಿದು, ಎಲೆಗೆ ಸುಣ್ಣ ಹಚ್ಚುವಷ್ಟರಲ್ಲಿ ಆರಿಹೋಗುತ್ತದೆ. ಯಾವ ಊರಿಗೆ ಯಾವಾಗ ಎಂಬುದನ್ನು ಚಿತ್ರದುರ್ಗದ ಸೈಬರ್ ಕೆಫೆಯಲ್ಲಿ ಕೂತು ಮೊದಲೇ ನೋಡಿಕೊಳ್ಳಬಹುದಿತ್ತು.

ಇದರಲ್ಲಿ ಒಂದು ದೊಡ್ಡ ಅನ್ಯಾಯವಿದೆ. ಆ ಬೆಳಕು ಬೀಳುವುದು ಕಿರಿದಾದ ಒಂದು ಪಟ್ಟಿಯ ಮೇಲೆ. ಹೊಳಲ್ಕೆರೆಯಲ್ಲಿ ಪೆಟ್ರೋಮ್ಯಾಕ್ಸಿನಂತೆ ಉರಿಯುವ ಚುಕ್ಕಿ ಹೊಸದುರ್ಗದಿಂದ ನೋಡಿದರೆ ಬೀಡಿಯ ತುದಿ. ನಮ್ಮೂರಿಗೂ ಸರದಿ ಬರುತ್ತಿತ್ತು, ಇಲ್ಲವೆನ್ನುವುದಿಲ್ಲ. ಬಂದ ದಿನ ಮೋಡ ಇರುತ್ತಿತ್ತು. ಮೋಡ ಇಲ್ಲದ ದಿನ ನನಗೆ ಎಲ್ಲೋ ಆರತಕ್ಷತೆ ಇರುತ್ತಿತ್ತು. ವರ್ಷಗಟ್ಟಲೆ ಒದ್ದಾಡಿದರೂ ನನ್ನ ರೀಲಿಗೆ ಒಂದು ಒಳ್ಳೆಯ ಗೆರೆ ಬೀಳಲಿಲ್ಲ.

“ಹೊಳಲ್ಕೆರೆಗೆ ಬಸ್ಸೈತೆ. ಒಂದಿನ ಹೋಗಿ ತಗಂಡು ಬರ್ರಿ” ಎಂದಳು ಶಾಂತ. ಷಡ್ಡಕನ ಊರಿಗೆ ಹೋಗಿ ಬೆಳಕು ಬೇಡುವುದೇ? ನಾನು ಅವಳೊಂದಿಗೆ ಎರಡು ದಿನ ಮಾತು ಬಿಟ್ಟೆ.

ಅಂಥದರಲ್ಲಿ ರುದ್ರೇಶ ಒಂದು ಸಂಜೆ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಗೆ ಹೋಗಿ, ಕೆರೆ, ಕರೀ ಬಂಡೆಗುಡ್ಡ, ಅದರ ಮೇಲೆ ಉದ್ದಕ್ಕೆ ಬೆಳ್ಳಿಯ ಗೆರೆ, ಕೆಳಗೆ ನೀರಿನಲ್ಲಿ ಅದರದೇ ಇನ್ನೊಂದು ಗೆರೆ, ಎಲ್ಲವನ್ನೂ ಒಂದೇ ಫೋಟೋದಲ್ಲಿ ಹಿಡಿದುಬಿಟ್ಟ. ಹೋಗುವ ಮುಂಚೆ ನನಗೆ ಫೋನ್ ಮಾಡಿ, “ಅಣ್ಣ, ಬಾರಣ್ಣ, ಜತಿಗೆ ಹೋಗಾಣ” ಎಂದು ಕರೆದಿದ್ದ. ನಾನು ಯಲ್ಲದಕೆರೆಯಲ್ಲಿ ಒಂದು ನಾಮಕರಣ ಒಪ್ಪಿಕೊಂಡಿದ್ದೆ. ತೊಟ್ಟಿಲಲ್ಲಿ ಕಿರುಚುತ್ತಿದ್ದ ಆ ಕೂಸಿನ ಮುಖ ನನಗೆ ಈಗಲೂ ನೆನಪಿದೆ.

ಮಾವ ಆ ಫೋಟೋವನ್ನು ದೊಡ್ಡದು ಮಾಡಿಸಿ ನಡುಮನೆಯ ಗೋಡೆಗೆ ಹಾಕಿದರು. ಆ ಮೊಳೆಯಲ್ಲಿ ಮೊದಲು ನೇತಾಡುತ್ತಿದ್ದದ್ದು ನಾನು ತೆಗೆದ ಮನೆಮಂದಿಯ ಗ್ರೂಪ್ ಫೋಟೋ. ಅದು ಶೇಂಗಾ ಚೀಲಗಳಿರುವ ಕೋಣೆಗೆ ಹೋಯಿತು. ಹಬ್ಬಕ್ಕೆ ಹೋದಾಗಲೆಲ್ಲ ನಾನು ಆ ಗೋಡೆಗೆ ಬೆನ್ನು ಹಾಕಿ ಊಟಕ್ಕೆ ಕೂರುತ್ತಿದ್ದೆ. ಆ ಮೊಳೆಗೆ ಮತ್ತೆ ನನ್ನದೊಂದು ಫೋಟೋ ಏರಬೇಕು. ನನಗೆ ಬೇಕಿದ್ದದ್ದು ಅಷ್ಟೇ.

ಕೋಟೆ ನೋಡಲು ಬಂದಿದ್ದ ಮಾರ್ಗ್ರೀತ್ ಎಂಬ ಹಾಲೆಂಡಿನ ಹೆಂಗಸೊಬ್ಬಳು ಚಿತ್ರದುರ್ಗದ ಕಲರ್ ಲ್ಯಾಬಿನಲ್ಲಿ ಆ ಫೋಟೋದ ಇನ್ನೊಂದು ಪ್ರತಿ ಕಂಡು ನಿಂತುಬಿಟ್ಟಳಂತೆ. ಅವಳ ಊರಿನಲ್ಲಿ ಆಕಾಶ ನೋಡುವವರದೊಂದು ಸಂಘ ಇತ್ತು. ಅವರು ಫೋಟೋ ಪ್ರದರ್ಶನ ಇಟ್ಟು ರುದ್ರೇಶನನ್ನು ಕರೆದರು. ಜೊತೆಗೊಬ್ಬರು ಬರಬಹುದು, ಉಳಿಯಲು ಅವಳ ಮನೆ. ರುದ್ರೇಶನ ಹೆಂಡತಿ ವಿಮಾನ ಎಂದರೆ ಕೈಮುಗಿದಳು. “ಅಣ್ಣ ಬರ್ಲಿ. ಅಣ್ಣಂಗೆ ಇಂಗ್ಲಿಷ್ ಬರ್ತೈತೆ” ಎಂದ ರುದ್ರೇಶ.

ಮೊದಲು ಬೇಡವೆಂದೆ. ಆಮೇಲೆ ಒಂದು ವಿಷಯ ಹೊಳೆಯಿತು. ಆ ಬೆಳಕು ಹಾಲೆಂಡಿನ ಆಕಾಶದಲ್ಲೂ ಬರುತ್ತದೆ, ಅಲ್ಲಿ ಇಬ್ಬರೂ ಒಂದೇ ಜಾಗದಲ್ಲಿ ನಿಲ್ಲುತ್ತೇವೆ. ಹೊಳಲ್ಕೆರೆ, ಹೊಸದುರ್ಗ ಎಂಬ ಭೇದ ಇಲ್ಲ. ಇಬ್ಬರ ಮೇಲೂ ಒಂದೇ ಬೆಳಕು ಬೀಳುತ್ತದೆ. ಅಷ್ಟಾದ ಮೇಲೆ ನೋಡೋಣ ಯಾರ ಫೋಟೋ ಗೋಡೆಗೆ ಏರುತ್ತದೆ ಎಂದು ಹೊರಟೆ.

ಒಂದೇ ಬಿಸ್ಕತ್ತಿನ ಊರು

ವಿಮಾನದ ಪುರಾಣ ಬೇಡ. ರುದ್ರೇಶ ಹತ್ತಿದ ಕೂಡಲೇ ಬಾಯಿ ತೆರೆದು ನಿದ್ದೆ ಹೋದ. ನಾನು ರೆಪ್ಪೆ ಮುಚ್ಚಲಿಲ್ಲ. ಇಳಿಯುವಾಗ ಅವನು ಜೇಬಿನಿಂದ ಬಾಚಣಿಗೆ ತೆಗೆದು ಕ್ರಾಪು ಸರಿಮಾಡಿಕೊಂಡು, ಮದುಮಗನ ಹಾಗೆ ಇಳಿದ. ಆ ಬಾಚಣಿಗೆಯನ್ನು ಅವನು ಹಾಲೆಂಡಿನ ಪ್ರತಿಯೊಂದು ಕನ್ನಡಿಗೂ ತೋರಿಸಿದ್ದಾನೆ.

ಮಾರ್ಗ್ರೀತಳ ಊರು ಸಮುದ್ರಕ್ಕಿಂತ ತಗ್ಗಿನಲ್ಲಿದೆ. ನಮ್ಮ ಕೆರೆ ಏರಿಯಂಥದೇ ಒಂದು ಏರಿ ಮೈಲಿಗಟ್ಟಲೆ ಹೋಗುತ್ತದೆ. ಆಚೆ ನೀರು ಮೇಲೆ, ಈಚೆ ಊರು ಕೆಳಗೆ. ಮಾರಿಕಣಿವೆ ಕಟ್ಟೆಯ ಬುಡದಲ್ಲಿ ಹಾಸಿಗೆ ಹಾಸಿಕೊಂಡು ಮಲಗಿದ ಹಾಗೆ. ಅವರಿಗೆ ಅದರ ಚಿಂತೆಯೇ ಇಲ್ಲ. ಕಿಟಕಿಗಳಿಗೆ ಪರದೆಯನ್ನೂ ಎಳೆಯುವುದಿಲ್ಲ. ಬೀದಿಯಲ್ಲಿ ಹೋಗುವವರಿಗೆ ಅವರ ಊಟದ ತಟ್ಟೆಯಲ್ಲಿ ಏನಿದೆ ಎಂಬುದೂ ಕಾಣುತ್ತದೆ. ನಮ್ಮ ಕಡೆ ಹಾಗಿದ್ದರೆ ಊರಿಗೆ ಬೇರೆ ಕೆಲಸವೇ ಇರುತ್ತಿರಲಿಲ್ಲ.

ಮನೆಗೆ ಹೋದ ಕೂಡಲೇ ಮಾರ್ಗ್ರೀತ್ ಕಾಫಿ ಕೊಟ್ಟಳು. ತಗಡಿನ ಡಬ್ಬಿ ತೆರೆದು ಬಿಸ್ಕತ್ತು ಮುಂದೆ ಹಿಡಿದಳು. ಹೊಟ್ಟೆ ಚುರುಗುಟ್ಟುತ್ತಿತ್ತು, ಆದರೂ ನಾನು ಮರ್ಯಾದಸ್ಥ. “ನೋ ನೋ, ಥ್ಯಾಂಕ್ಯೂ” ಎಂದೆ. ನಮ್ಮಲ್ಲಿ ಮೊದಲ ‘ಬೇಡ’ವನ್ನು ಯಾರು ಲೆಕ್ಕಕ್ಕೆ ಇಡುತ್ತಾರೆ? ಬೇಡವೆನ್ನಬೇಕು, ಅವರು ಒತ್ತಾಯ ಮಾಡಬೇಕು, ಮತ್ತೆ ಬೇಡವೆನ್ನಬೇಕು, ಆಮೇಲೆ ಅವರ ಬಲವಂತಕ್ಕೆ ಎಂಬಂತೆ ನಾಲ್ಕು ತಿನ್ನಬೇಕು. ಅವಳು “ಓಕೆ” ಎಂದು ಡಬ್ಬಿಯನ್ನು ರುದ್ರೇಶನ ಕಡೆಗೆ ತಿರುಗಿಸಿದಳು. ಅವನು ಒಂದು ತೆಗೆದುಕೊಂಡ. ಅವಳೂ ಒಂದು ತೆಗೆದುಕೊಂಡಳು. ಮುಚ್ಚಳ ಟಪ್ಪನೆ ಬಿತ್ತು, ಡಬ್ಬಿ ಬೀರು ಸೇರಿತು.

ಅಲ್ಲಿ ತಲೆಗೊಂದೇ ಬಿಸ್ಕತ್ತಂತೆ. ಬೇಡ ಎಂದರೆ ಬೇಡ, ಬೇಕು ಎಂದರೆ ಒಂದು. ರುದ್ರೇಶ ತನ್ನದನ್ನು ನಿಧಾನವಾಗಿ ಕಾಫಿಗೆ ಅದ್ದಿಕೊಂಡು ತಿನ್ನುತ್ತ, “ಭಾಳ ಚೆನ್ನಾಗೈತಣ್ಣ, ನೀನೂ ತಗೋಬೇಕಿತ್ತು” ಎಂದ.

ಹಿಂದಕ್ಕೆ ತುಳಿದರೆ ನಿಲ್ಲುವ ಸೈಕಲ್ಲು

ಆ ಊರಿನಲ್ಲಿ ಅರವತ್ತು ದಾಟಿದ ಮಾರ್ಗ್ರೀತಳಿಂದ ಹಿಡಿದು ಎಲ್ಲರೂ ಸೈಕಲ್ಲೇ. ನಮಗೂ ಒಂದೊಂದು ಕೊಟ್ಟಳು. ಸೈಕಲ್ಲಿನಲ್ಲಿ ರುದ್ರೇಶ ನನಗೆ ಏನು ಮಹಾ ಎಂದುಕೊಂಡು ಮುಂದೆ ನುಗ್ಗಿದೆ. ಏರಿಯ ಇಳಿಜಾರು ಬಂತು. ನಮ್ಮ ಕಡೆ ಇಳಿಜಾರಿನಲ್ಲಿ ಸುಮ್ಮನೆ ಮೋಜಿಗೆ ಪೆಡಲು ಹಿಂದಕ್ಕೆ ತಿರುಗಿಸುತ್ತೇವಲ್ಲ, ಕಿರ್ರ್ ಎಂದು ಸದ್ದು ಬರುತ್ತದೆ, ಏನೂ ಆಗುವುದಿಲ್ಲ. ನಾನೂ ಹಾಗೆಯೇ ತಿರುಗಿಸಿದೆ. ಅಲ್ಲಿಯ ಸೈಕಲ್ಲಿಗೆ ಬ್ರೇಕು ಇರುವುದೇ ಅಲ್ಲಿ. ಸೈಕಲ್ಲು ನಿಂತಿತು, ನಾನು ನಿಲ್ಲಲಿಲ್ಲ.

ಬೇಲಿಯೊಳಗಿಂದ ನನ್ನನ್ನು ಎಳೆದು ಹೊರಗೆ ಹಾಕಿದವನು ರುದ್ರೇಶ. ಅವನಿಗೆ ಏನೂ ಆಗಿರಲಿಲ್ಲ. “ಮೇಡಂ ಹೊರಡೋವಾಗ್ಲೇ ಕಾಲಿನ ಸನ್ನೇಲಿ ತೋರಿಸಿದ್ರಲ್ಲಣ್ಣ, ಹಿಂದಕ್ಕೆ ತುಳೀಬ್ಯಾಡ್ರಿ ಅಂತ” ಎಂದ. ನನಗೆ ಇಂಗ್ಲಿಷ್ ಬರುತ್ತದೆಂದು ನಾನು ಸನ್ನೆಯ ಕಡೆ ನೋಡಿರಲಿಲ್ಲ. ಮೊಣಕೈ ತರಚಿತ್ತು. ಅವನು ತನ್ನ ಕರ್ಚೀಫು ಕಟ್ಟಿದ. ಅದೂ ಇಸ್ತ್ರಿ ಮಾಡಿದ್ದು!

ಪ್ರದರ್ಶನ

ಹಳೆಯ ಶಾಲೆಯೊಂದರಲ್ಲಿ ಫೋಟೋಗಳನ್ನು ತೂಗುಹಾಕಿದ್ದರು. ಬಾಗಿಲಿಗೆ ಎದುರಾಗಿ ಚಂದ್ರವಳ್ಳಿ. ಸಾವಿರಾರು ಮೈಲಿ ಹಾರಿ ಬಂದರೂ ಹಿರಿಯೂರಿನ ಗೋಡೆ ನನ್ನ ಬೆನ್ನು ಬಿಡಲಿಲ್ಲ.

ಜನ ಬಂದು ರುದ್ರೇಶನ ಕೈ ಕುಲುಕಿದರು. ಅವರ ಇಂಗ್ಲಿಷನ್ನು ಅವನಿಗೆ ಕನ್ನಡದಲ್ಲಿ ಹೇಳುವ ಕೆಲಸ ನನ್ನದು. ಒಬ್ಬಾಕೆ ಕಣ್ಣರಳಿಸಿ “ಬ್ಯೂಟಿಫುಲ್! ಇಂಥದನ್ನು ನಾನು ಈವರೆಗೆ ನೋಡಿಲ್ಲ” ಎಂದಳು.

“ಪರವಾಗಿಲ್ಲ ಅಂತವ್ಳೆ” ಎಂದೆ.

ಇನ್ನೊಬ್ಬ, ನೀರಿನಲ್ಲಿ ಪ್ರತಿಬಿಂಬ ಸಿಗುವಂತೆ ಜಾಗ ಹುಡುಕಿದ್ದು ದೊಡ್ಡ ಪ್ರತಿಭೆ ಎಂದ.

“ಕೆರೇಲಿ ನೀರು ಐತಲ್ಲ ಅಂತವ್ನೆ.”

ರುದ್ರೇಶ ಎಲ್ಲದಕ್ಕೂ ಕೈಮುಗಿದು ನಗುತ್ತಿದ್ದ. ನಾನೂ ಸುಮ್ಮನೆ ಬಂದಿರಲಿಲ್ಲ. ನನ್ನ ಮದುವೆ ಫೋಟೋಗಳದೊಂದು ಆಲ್ಬಮ್ ತಂದಿದ್ದೆ. ಸಂಘದ ಹಿರಿಯ ಹೆಂಕ್ ಎಂಬುವರಿಗೆ ತೋರಿಸಿದೆ. ಉದ್ದ ಮೂಗು, ಮೂಗಿನ ತುದಿಗೆ ಕನ್ನಡಕ. ಮೊದಲಿನಿಂದ ಕೊನೆಯವರೆಗೆ ಒಂದೂ ಬಿಡದೆ ನೋಡಿ, “ಇವು ಚೆನ್ನಾಗಿಲ್ಲ” ಎಂದರು. ನಮ್ಮೂರಲ್ಲಿ ಯಾರೂ ಹೀಗೆ ಮುಖಕ್ಕೆ ಹೇಳುವುದಿಲ್ಲ, ಬೆನ್ನ ಹಿಂದೆ ಹೇಳುತ್ತಾರೆ. “ಎಲ್ಲದಕ್ಕೂ ಫ್ಲ್ಯಾಶ್ ಹೊಡೆದಿದ್ದೀರಿ. ಹಗಲಲ್ಲೂ ಹೊಡೆದಿದ್ದೀರಿ. ನಿಮಗೆ ಕತ್ತಲೆ ಕಂಡರೆ ಭಯವೇ?”

ಅವರಿಗೆ ಏನು ಗೊತ್ತು? ಫ್ಲ್ಯಾಶ್ ಬೀಳದಿದ್ದರೆ ನಮ್ಮ ಕಡೆ ಫೋಟೋ ತೆಗೆದಂತೆಯೇ ಅಲ್ಲ. ‘ಲೈಟೇ ಬರ್ಲಿಲ್ಲ, ಇನ್ನೊಂದು ಹೊಡೀರಿ’ ಎಂದು ಬೀಗರು ಸಾಲುಗಟ್ಟುತ್ತಾರೆ. ನನ್ನ ಕ್ಯಾಮೆರಾದ ನೆತ್ತಿಯಿಂದ ಫ್ಲ್ಯಾಶ್ ಇಳಿದದ್ದೇ ಇಲ್ಲ. ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಲು ಹೋಗಿ ಅರ್ಧಕ್ಕೆ ನಿಲ್ಲಿಸಿದೆ. ಹೆಂಕ್ ಆಲ್ಬಮ್ ನನ್ನ ಕೈಗೆ ಕೊಟ್ಟು, ಚಂದ್ರವಳ್ಳಿಯ ಮುಂದೆ ಹೋಗಿ ನಿಂತರು. ಬಹಳ ಹೊತ್ತು ನಿಂತರು.

“ಆ ಯಜಮಾನ್ರು ಏನಂದ್ರಣ್ಣ?” ಎಂದ ರುದ್ರೇಶ.

“ನಿಂದಕ್ಕಿಂತ ನಂದೇ ಮೇಲು ಅಂದ್ರು.”

“ಅಲ್ವೇ ಮತ್ತೆ” ಎಂದ, ಸ್ವಲ್ಪವೂ ಅನುಮಾನವಿಲ್ಲದ ಮುಖದಲ್ಲಿ.

ಏರಿಯ ಮೇಲೆ

ನಾವು ಹೊರಡುವ ಹಿಂದಿನ ಸಂಜೆ ಆ ಊರಿನ ಮೇಲೆ ಒಂದು ಭಾರಿ ಬೆಳಕು ಬರುವುದಿತ್ತು. ಸಂಘದವರು ತಿಂಗಳಿಂದ ಅದಕ್ಕಾಗಿ ಕಾದಿದ್ದರಂತೆ. ಮೋಡ ಹರಿದಿತ್ತು. ಸೂರ್ಯ ಮುಳುಗಿ ಆಕಾಶ ಗಾಢ ನೀಲಿಗೆ ತಿರುಗುವ ಹೊತ್ತಿಗೆ ಎಲ್ಲರೂ ಮಡಿಸುವ ಕುರ್ಚಿ, ಕಾಫಿ ಫ್ಲಾಸ್ಕು ಹಿಡಿದು ಏರಿಯ ಮೇಲೆ ನಡೆದೆವು.

ದಾರಿಯಲ್ಲಿ ರುದ್ರೇಶ ಕೇಳಿದ: “ಅಣ್ಣ, ಬ್ಯೂಟಿಫುಲ್ ಅಂದ್ರೆ ಪರವಾಗಿಲ್ಲ ಅಂತಾನಾ?”

ನಾನು ಕ್ಯಾಮೆರಾ ಸ್ಟ್ಯಾಂಡನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಿಸಿದೆ. “ಈ ದೇಶದಾಗೆ ಹಂಗೇ” ಎಂದೆ.

“ಹಂಗಾ” ಎಂದು ಅವನು ಬಾಚಣಿಗೆ ತೆಗೆದು ತಲೆ ಬಾಚಿಕೊಂಡ. ಅವನಿಗೆ ಎಲ್ಲ ಗೊತ್ತಾಗಿತ್ತೋ, ಇಲ್ಲವೋ, ನನಗೆ ಇವತ್ತಿಗೂ ಬಗೆಹರಿದಿಲ್ಲ.

ಅತಿಥಿಯೆಂದು ರುದ್ರೇಶನಿಗೆ ಮುಂದಿನ ಸಾಲಿನ ನಟ್ಟನಡುವೆ ಕುರ್ಚಿ. ಅವನ ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಬಡಗಣ ಆಕಾಶಕ್ಕೆ ಮುಖ ಮಾಡಿ ನಿಂತಿತು. ಗುಂಡಿ ಒತ್ತುವ ತಂತಿ ಅವನ ಕೈಯಲ್ಲಿ. ಅದನ್ನು ಒತ್ತಿ ಹಿಡಿದಷ್ಟು ಹೊತ್ತೂ ರೀಲಿಗೆ ಬೆಳಕು ಬೀಳುತ್ತಲೇ ಇರುತ್ತದೆ. ಬಾಲಕ್ಕೆ ಬಾಲದ ಜಾಗ. ನನ್ನನ್ನು ಸ್ಟ್ಯಾಂಡಿನ ಸಮೇತ ಹಿಂದೆ ನಿಲ್ಲಿಸಿದರು. ನನ್ನ ಲೆನ್ಸಿನಲ್ಲಿ ಕೆಳಗೆ ಹದಿನೈದಿಪ್ಪತ್ತು ತಲೆಗಳು, ಮೇಲೆ ಆಕಾಶ. ಆದರೂ ಪರವಾಗಿಲ್ಲ, ಕೂತಿದ್ದಾರಲ್ಲ, ಬೆಳಕು ಅವರ ತಲೆಯ ಮೇಲೆಯೇ ಬರುತ್ತದೆ ಎಂದು ತಂತಿ ಹಿಡಿದು ಕಾದೆ. ಇಷ್ಟು ವರ್ಷ ಅವನ ಪಾಲಿಗೆ ಹೋದದ್ದು ಇವತ್ತು ಇಬ್ಬರಿಗೂ ಸಮ. ಇದೊಂದು ಸಿಕ್ಕರೆ ಸಾಕು, ಚಂದ್ರವಳ್ಳಿಯನ್ನು ಶೇಂಗಾ ಕೋಣೆಗೆ ಕಳಿಸುತ್ತೇನೆ.

ಹೆಂಕ್ ಗಡಿಯಾರ ನೋಡುತ್ತ ತಮ್ಮ ಭಾಷೆಯಲ್ಲಿ ಎಣಿಸತೊಡಗಿದರು. ಎಣಿಕೆ ಮುಗಿಯುತ್ತ ಬಂದಿತು. ಆಗ ಆ ಶಿಸ್ತಿನ ಜನ ಎಲ್ಲರೂ ಒಟ್ಟಿಗೆ ಎದ್ದು ನಿಂತುಬಿಟ್ಟರು.

ಮದುವೆ ಮನೆಯಲ್ಲಿ ಫೋಟೋ ತೆಗೆದವರಿಗೆ ನನ್ನ ಸಂಕಟ ಅರ್ಥವಾಗುತ್ತದೆ. ಗಟ್ಟಿಮೇಳ ಅಂದ ಕೂಡಲೇ ಇಡೀ ಛತ್ರ ಎದ್ದು ನಿಲ್ಲುತ್ತದೆ, ತಾಳಿ ಕಟ್ಟುವ ಕೈ ಕಾಣುವುದಿಲ್ಲ, ಲೆನ್ಸಿನ ತುಂಬ ಬರೀ ಬೆನ್ನು. ಆ ಹೊತ್ತಿಗೆ ನಾವು ಕೂಗುವ ಕೂಗು ಒಂದಿದೆ. ಅಷ್ಟೂ ವರ್ಷ ಕೂಗಿ ಕೂಗಿ ಅದು ನಾಲಿಗೆಗೆ ಅಂಟಿಕೊಂಡಿದೆ. ನನ್ನ ಅಪ್ಪಣೆಗೆ ಕಾಯದೆ ಅದು ಹೊರಟುಹೋಯಿತು:

“ಏಯ್, ಕುಂತ್ಕಳ್ರಿ! ಎಲ್ರೂ ಈ ಕಡೆ ನೋಡ್ರಿ!”

ಕೂಗಿನ ಹಿಂದೆಯೇ ಬೆರಳು ತನ್ನ ಕೆಲಸ ಮಾಡಿತು. ಫ್ಲ್ಯಾಶ್ ಫಳ್ಳೆಂದಿತು.

ಇಡೀ ಸಂಘ ಬೆಚ್ಚಿ ನನ್ನ ಕಡೆ ತಿರುಗಿ ನಿಂತಿತ್ತು, ಬಾಯಿ ಬಿಟ್ಟುಕೊಂಡು, ಕಣ್ಣಿಗೆ ಕೈ ಅಡ್ಡ ಇಟ್ಟುಕೊಂಡು. ಅವರ ಬೆನ್ನ ಹಿಂದೆ, ಅವರ ತಲೆಗಳ ಮೇಲೆ, ಒಂದು ಚುಕ್ಕಿ ಹುಟ್ಟಿತು. ಬೆಳೆಯಿತು. ಅಬ್ಬಾ, ಎಂಥಾ ಬೆಳಕು! ನಾನು ತಂತಿಯನ್ನು ಬಿಡಲಿಲ್ಲ. ಫ್ಲ್ಯಾಶಿಗೆ ಕಣ್ಣು ಕೋರೈಸಿದವರು ಕಣ್ಣುಜ್ಜಿಕೊಳ್ಳುತ್ತಿರುವಷ್ಟರಲ್ಲೇ ಅದು ನಿಧಾನಕ್ಕೆ ಜಾರುತ್ತ, ಉರಿಯುತ್ತ, ಕುಗ್ಗುತ್ತ ಆರಿತು. ಆ ಏರಿಯ ಮೇಲೆ ಅದನ್ನು ನೋಡಿದವನು ನಾನೊಬ್ಬನೇ.

ಒಬ್ಬೊಬ್ಬರಾಗಿ ಎಲ್ಲರೂ ಕುರ್ಚಿಗಳಲ್ಲಿ ಕೂತರು. ಕೊನೆಗೆ ಹೆಂಕ್ ಬಂದು, “ನೀವು ನಮ್ಮ ಸಂಜೆಯನ್ನು ಹಾಳು ಮಾಡಿದಿರಿ” ಎಂದರು. ಸಿಟ್ಟಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು ಅಷ್ಟೇ. ಸ್ವಲ್ಪ ತಡೆದು, “ನಿಮಗಾದರೂ ಸಿಕ್ಕಿತೇ?” ಎಂದು ಕೇಳಿದರು. ನಾನು ಹೌದೆಂದು ತಲೆಯಾಡಿಸಿದೆ. ನೆಲ ಬಾಯಿ ತೆರೆದಿದ್ದರೆ ಇಳಿದುಹೋಗುತ್ತಿದ್ದೆ, ಆದರೆ ಒಳಗೊಳಗೇ ಕುಣಿಯುತ್ತಲೂ ಇದ್ದೆ. ಮಾರ್ಗ್ರೀತ್ ಮೊದಲು ನಕ್ಕಳು, ಆಮೇಲೆ ಉಳಿದವರು. ಎಲ್ಲರಿಗೂ ಕಾಫಿ ಬಂತು, ಒಂದೊಂದು ಬಿಸ್ಕತ್ತು ಬಂತು. ಈ ಸಲ ನಾನು ಬೇಡ ಎನ್ನಲಿಲ್ಲ.

ರುದ್ರೇಶ ಸ್ಟ್ಯಾಂಡು ಮಡಿಸುತ್ತಿದ್ದ. “ನಿಂಗೆ ಬಿತ್ತೇನೋ?” ಎಂದೆ.

“ಇಲ್ಲಣ್ಣ. ಒತ್ತಲಿಲ್ಲ.”

“ಯಾಕಲೇ? ತಂತಿ ಕೈಯಾಗೇ ಇತ್ತಲ್ಲ?”

“ನೀನು ಈ ಕಡೆ ನೋಡ್ರಿ ಅಂದ್ಯಲ್ಲ. ನೋಡ್ದೆ.”

ಮತ್ತೆ ಹಿರಿಯೂರು

ರೀಲು ತೊಳೆಸಿದ್ದು ಚಿತ್ರದುರ್ಗದ ಅದೇ ಲ್ಯಾಬಿನಲ್ಲಿ. ಪ್ರಿಂಟು ಕೈಗೆ ಬಂದಾಗ ನನಗೆ ಕಣ್ಣು ತುಂಬಿತು. ಅದೇ ಗೆರೆ, ಚಂದ್ರವಳ್ಳಿಯದಕ್ಕಿಂತ ದಪ್ಪ, ಕಡುನೀಲಿ ಆಕಾಶದಲ್ಲಿ ಈ ಕಡೆಯಿಂದ ಆ ಕಡೆಗೆ. ಅದರ ಕೆಳಗೆ ಹಾಲೆಂಡಿನ ಗ್ರೂಪ್ ಫೋಟೋ: ಬೆಚ್ಚಿದ ಮುಖಗಳು, ಕೆಂಪು ಕಣ್ಣುಗಳು, ಹೆಂಕ್ ಅವರ ಉದ್ದ ಮೂಗು. ನಟ್ಟನಡುವೆ, ಗೆರೆ ಅತಿ ದಪ್ಪವಾಗಿರುವ ಜಾಗದ ಸರಿಯಾಗಿ ಕೆಳಗೆ, ರುದ್ರೇಶ. ಅಷ್ಟು ಜನರಲ್ಲಿ ಕನ್ನಡ ಬರುತ್ತಿದ್ದವನು ಅವನೊಬ್ಬನೇ. ಗದ್ದ ಸ್ವಲ್ಪ ಎತ್ತಿ, ಕ್ರಾಪು ಕೂದಲೆಳೆಯಷ್ಟೂ ಕದಲದೆ, ಮದುವೆಯ ದಿನ ನಾನು ಹೇಳಿದಾಗ ನಕ್ಕಿದ್ದನಲ್ಲ, ಅದೇ ನಗೆ ನಗುತ್ತಿದ್ದ.

ಅದು ನನಗಾಗಿ ಬಿಟ್ಟುಕೊಟ್ಟದ್ದೋ, ಕ್ಯಾಮೆರಾ ಕಂಡರೆ ನಗುವ ಅವನ ಚಾಳಿಯೋ? ಬಿಟ್ಟುಕೊಟ್ಟಿದ್ದರೆ ಅದಕ್ಕೂ ನನಗೆ ಹೊಟ್ಟೆ ಉರಿಯುತ್ತದೆ. ನನ್ನ ಕೈಯಲ್ಲಿ ತಂತಿ ಇದ್ದು ಅವನು ಕೂಗಿದ್ದರೆ ನಾನು ತಿರುಗುತ್ತಿರಲಿಲ್ಲ. ಈ ದೊಡ್ಡತನವೂ ಅವನಿಗೇ ಬರಬೇಕಿತ್ತೇ?

ಮಾವ ಫೋಟೋವನ್ನು ದೊಡ್ಡದು ಮಾಡಿಸಿದರು. ಚಂದ್ರವಳ್ಳಿಯನ್ನು ಇಳಿಸಿ, ಅದೇ ಮೊಳೆಗೆ ಇದನ್ನು ಏರಿಸಿದರು. ಅವತ್ತು ಹಬ್ಬ, ಹೋಳಿಗೆ ಊಟ. ಎಷ್ಟೋ ವರ್ಷಗಳ ಮೇಲೆ ನಾನು ಆ ಗೋಡೆಗೆ ಮುಖ ಮಾಡಿ ಕೂತೆ. ಪಕ್ಕದ ಮನೆಯವರು, ಎದುರು ಮನೆಯವರು ನೋಡಲು ಬಂದರು.

“ಅಯ್ಯೋ, ನಮ್ ರುದ್ರೇಶ! ಎಷ್ಟು ಚೆಂದ ಬಂದವ್ನೆ ನೋಡ್ರಿ!”

“ಫಾರಿನ್ನೋರ ಮಧ್ಯೆ ರಾಜ ಇದ್ದಂಗವ್ನೆ. ಮ್ಯಾಲೆ ಬೆಳಕು ಬೇರೆ, ದೇವ್ರಿಗೆ ಬಿಟ್ಟಂಗೈತೆ.”

“ಅಣ್ಣ ತೆಗೆದಿದ್ದು ಕಣ್ರಿ, ನಮ್ಮಣ್ಣ” ಎಂದು ರುದ್ರೇಶ ಬಂದವರಿಗೆಲ್ಲ ಹೇಳಿದ. ಅವರು ನನ್ನ ಕಡೆ ಒಮ್ಮೆ ನೋಡಿ, ಮತ್ತೆ ಅವನನ್ನೇ ನೋಡಿದರು. ಬೇಕೆಂದು ಹಟ ಹಿಡಿದ ಮೊಳೆಗೆ ನನ್ನ ಫೋಟೋ ಏರಿತ್ತು, ಆದರೆ ಅದರ ತುಂಬ ಅವನಿದ್ದ.

ತಡೆಯಲಾಗದೆ ಕೇಳಿಬಿಟ್ಟೆ: “ಲೇ ರುದ್ರೇಶ, ಅಷ್ಟು ದೂರ ಹೋಗಿ ಅಂಥಾ ಬೆಳಕು ಕಳ್ಕಂಡ್ಯಲ್ಲ, ಹೊಟ್ಟೆ ಉರಿಲಿಲ್ವೇನೋ ನಿಂಗೆ?”

ಅವನು ಹೋಳಿಗೆ ಮುರಿಯುತ್ತ, “ಹೋಗ್ಲಿ ಬಿಡಣ್ಣ. ನಮ್ ಹೊಳಲ್ಕೆರೆ ಮ್ಯಾಲೆ ಬರ್ತಾನೇ ಇರ್ತಾವಲ್ಲ” ಎಂದ.

ಅಷ್ಟರಲ್ಲಿ ಅತ್ತೆ ಹೋಳಿಗೆಯ ತಟ್ಟೆ ಹಿಡಿದು ಬಂದರು. ಮರ್ಯಾದಸ್ಥ ನಾನು, ಎಲೆಗೆ ಕೈ ಅಡ್ಡ ಇಟ್ಟು “ಬ್ಯಾಡತ್ತೆ” ಎಂದೆ. ಶಾಂತ ಬಿಸ್ಕತ್ತಿನ ಕಥೆಯನ್ನು ಮನೆಮಂದಿಗೆಲ್ಲ ಹೇಳಿಬಿಟ್ಟಿದ್ದಳು. “ಹಾಲೆಂಡಿಗೆ ಹೋಗಿ ಬಂದೋರಪ್ಪ, ಬ್ಯಾಡ ಅಂದ್ರೆ ಬ್ಯಾಡ” ಎಂದು ನಕ್ಕು, ಅತ್ತೆ ಎರಡು ಹೋಳಿಗೆಯನ್ನು ರುದ್ರೇಶನ ಎಲೆಗೆ ಹಾಕಿ ಮುಂದೆ ಹೋದರು.